ಜೀರುಂಡೆ ನಿಲ್ಲಿಸಿ ಹೆದರಿಸಿದ್ದು: ಥ್ರಿಲ್ಲರ್ ಆರಂಭಕ್ಕೆ ನಾನು ಸೌಂಡ್ ಮಾಡಿದ ಬಗೆ

ಥ್ರಿಲ್ಲರ್ ಶುರುವಾಗುತ್ತಿದ್ದ ಹಾಗೇ ‘ಗುಂಯ್’ ಅಂತ ಒಂದೇ ಸಮ ಎಳೆಯುವ ಡ್ರೋನ್ ಸದ್ದು ಬರುತ್ತದೆ, ಅಲ್ವಾ? ಊರು ಯಾವುದು, ಪಾತ್ರ ಯಾರು ಅಂತ ಗೊತ್ತಾಗುವ ಮೊದಲೇ ‘ಹೆದರಿಕೊಳ್ಳಿ’ ಅಂತ ಹೇಳಿಬಿಡುತ್ತದೆ. ನನಗೆ ಆ ದಾರಿ ಹಿಡಿಸುವುದಿಲ್ಲ. ಸೌಂಡ್ ಡಿಸೈನ್ ಮಾಡುವಾಗ ನಾನು ಮೊದಲು ನೋಡುಗರ ಕಿವಿಯನ್ನು ಆ ಜಾಗಕ್ಕೆ ಒಗ್ಗಿಸುತ್ತೇನೆ. ಒಗ್ಗಿದ ಮೇಲೆ ಅಲ್ಲಿಂದ ಒಂದೊಂದೇ ಸದ್ದು ತೆಗೆಯುತ್ತೇನೆ.

ಮಲೆನಾಡಿನಲ್ಲಿ ನಡೆಯುವ ಒಂದು ಕಿರುಚಿತ್ರದ ಕೆಲಸವನ್ನೇ ಹೇಳುತ್ತೇನೆ. ಮಳೆ ಬಿಟ್ಟ ರಾತ್ರಿ, ಹಂಚಿನ ಮನೆ. ಅಡುಗೆಮನೆಯಲ್ಲಿ ಒಬ್ಬ ಹೆಂಗಸು ಪಾತ್ರೆ ಒರೆಸಿ ಇಡುತ್ತಿದ್ದಾಳೆ. ತೋಟದ ಕಡೆಯಿಂದ ಯಾರೋ ಬರುತ್ತಿದ್ದಾರೆ, ಆದರೆ ಕ್ಯಾಮೆರಾ ಮನೆಯೊಳಗೇ ಇದೆ. ಮಾತಿಲ್ಲ.

ನಿರ್ದೇಶಕರು ಹೆಜ್ಜೆ ಸದ್ದು ಕೇಳಿದರು. ನಾನು ಬೇಡ ಅಂದೆ. ಹಳ್ಳಿ ರಾತ್ರಿ ಕಂಡವರಿಗೆ ಗೊತ್ತು: ಕತ್ತಲಲ್ಲಿ ಯಾರಾದರೂ ನಡೆದು ಬಂದರೆ ಅಷ್ಟು ಜಾಗದ ಜೀರುಂಡೆ, ಕಪ್ಪೆ ಗಪ್‌ಚಿಪ್. ದೂರದವು ಕೂಗುತ್ತಲೇ ಇರುತ್ತವೆ. ಆ ಮನುಷ್ಯ ದಾಟಿ ಹೋದ ಸ್ವಲ್ಪ ಹೊತ್ತಿಗೆ ಇವೂ ಮತ್ತೆ ಶುರು ಮಾಡುತ್ತವೆ. ಬರುವವನು ಎಲ್ಲಿದ್ದಾನೆ ಅಂತ ಹೇಳಲು ಅದೇ ಸಾಕಿತ್ತು.

ಇದಕ್ಕೆ ಸೌಂಡ್ ಲೈಬ್ರರಿಯಿಂದ ತೆಗೆದ ಒಂದು ಆಂಬಿಯನ್ಸ್ ಟ್ರ್ಯಾಕ್ (ಸುತ್ತಲಿನ ವಾತಾವರಣದ ಸಿದ್ಧ ರೆಕಾರ್ಡಿಂಗ್) ಸಾಲದು. ಅದರಲ್ಲಿ ಎಲ್ಲ ಹುಳುಗಳೂ ಒಟ್ಟಿಗೆ ಅಂಟಿಕೊಂಡಿರುತ್ತವೆ. ಬೇಕಾದ್ದನ್ನು ಮಾತ್ರ ನಿಲ್ಲಿಸಲು ಆಗುವುದಿಲ್ಲ. ಹಾಗಾಗಿ ಬಾವಿಕಟ್ಟೆ, ಅಡಿಕೆ ತೋಟ, ಕೊಟ್ಟಿಗೆಯ ಹಿಂಭಾಗ ಅಂತ ಬೇರೆ ಬೇರೆ ಕಡೆ ಮೈಕ್ ಇಟ್ಟು ರೆಕಾರ್ಡ್ ಮಾಡಿದೆ. ಮೈಕ್ ಹಿಡಿದು ಹೋದರೆ ನನ್ನನ್ನು ಕಂಡೂ ಅವು ಸುಮ್ಮನಾಗುತ್ತಿದ್ದವು. ರೆಕಾರ್ಡರ್ ಆನ್ ಮಾಡಿ ದೂರ ಹೋಗಿ ನಿಲ್ಲುತ್ತಿದ್ದೆ. ಮೊದಲು ಒಂದು, ಆಮೇಲೆ ಅದರ ಪಕ್ಕದ್ದು, ಹೀಗೆ ನಿಧಾನಕ್ಕೆ ಗದ್ದಲ ಮರಳುತ್ತಿತ್ತು. ಆ ಮರಳುವ ಕ್ರಮ ನನಗೆ ತುಂಬಾ ಉಪಯೋಗಕ್ಕೆ ಬಂತು. ಎಲ್ಲ ಸದ್ದುಗಳನ್ನೂ ಸೇರಿಸಿ ಹೊಂದಿಸುವ ಮಿಕ್ಸ್‌ನಲ್ಲಿ ಅದನ್ನೇ ತಿರುಗಾಮುರುಗಾ ಮಾಡಿದೆ: ಗುಂಪು ಮೊದಲು ತೆಳುವಾಗುತ್ತದೆ, ಒಂದು ಹುಳು ಮಾತ್ರ ಉಳಿಯುತ್ತದೆ, ಕೊನೆಗೆ ಅದೂ ನಿಲ್ಲುತ್ತದೆ.

ನೋಡುಗರ ಮುಂದೆ, ಹಿಂದೆ ಬೇರೆ ಬೇರೆ ಸ್ಪೀಕರ್‌ಗಳಿರುವ 5.1 ಮಿಕ್ಸ್ ಇದ್ದದ್ದರಿಂದ ಜಾಗವನ್ನೂ ತೋರಿಸಲು ಆಯಿತು. ಮೊದಲು ಹಿಂದಿನ ಎಡ ಸ್ಪೀಕರ್ ಬರಿದಾಯಿತು. ಸ್ವಲ್ಪ ತಡೆದು ಮುಂದಿನ ಎಡ. ಅಷ್ಟರಲ್ಲಿ ಹಿಂದೆ ಜೀರುಂಡೆ ಮತ್ತೆ ಶುರು. ಹೀಗೆ ಸದ್ದಿಲ್ಲದ ಒಂದು ತುಂಡು ಹಿತ್ತಿಲಿನಿಂದ ಅಡುಗೆಮನೆ ಬಾಗಿಲವರೆಗೆ ನಡೆದು ಬಂತು.

ಒಳಗೆ ನನ್ನ ಆಯುಧ ಫ್ರಿಜ್. ನಮ್ಮ ಕರೆಂಟು 50 ಹರ್ಟ್ಜ್; ಅದರಿಂದ ಹುಟ್ಟುವ ಗುಂಯ್‌ಗುಡುವಿಕೆ ಜಾಸ್ತಿ ಕೇಳುವುದು 100 ಹರ್ಟ್ಜ್‌ನಲ್ಲಿ. ಮೊದಲ ಫ್ರೇಮಿನಿಂದಲೇ ಅದನ್ನು ಸಣ್ಣಗೆ ಓಡಿಸಿದೆ. ಯಾರೂ ಅದನ್ನು ಗಮನಿಸುವುದಿಲ್ಲ, ಗಮನಿಸಲೂ ಬಾರದು. ಆ ಹೆಂಗಸು ತಲೆ ಎತ್ತುವುದಕ್ಕೆ ಅರ್ಧ ಸೆಕೆಂಡ್ ಮುಂಚೆ ಫ್ರಿಜ್ ಒಮ್ಮೆ ಗಡಗಡ ಅಂತ ನಡುಗಿ ಆಫ್ ಆಗುತ್ತದೆ. ಆಗಲೇ ನೋಡುವವರಿಗೂ ಹೊರಗಿನ ಜೀರುಂಡೆ ನಿಂತಿದ್ದು ಹೊಳೆಯುವುದು.

ಆದರೆ ಪೂರ್ತಿ ಸೊನ್ನೆ ಯಾವತ್ತೂ ಮಾಡಬೇಡಿ. ಟ್ರ್ಯಾಕ್ ಖಾಲಿ ಬಿಟ್ಟರೆ ಸ್ಪೀಕರ್ ಕೆಟ್ಟಿತೇನೋ ಅನ್ನಿಸುತ್ತದೆ. ಥಿಯೇಟರಿನ ಎಸಿ, ಪಕ್ಕದವರ ಕೆಮ್ಮು ಕೇಳತೊಡಗುತ್ತದೆ. ಅದಕ್ಕೇ ಶೂಟಿಂಗ್ ಮುಗಿದ ಮೇಲೆ ಎಲ್ಲರನ್ನೂ ಸುಮ್ನೆ ನಿಲ್ಲಿಸಿ ಒಂದು ನಿಮಿಷ ರೂಂ ಟೋನ್, ಅಂದರೆ ಆ ಕೋಣೆಯ ಬರೀ ಮೌನದ ಸದ್ದು, ತೆಗೆದುಕೊಂಡಿರುತ್ತೇವೆ. ಉಳಿದ ಎಲ್ಲ ಹೋದ ಮೇಲೂ ಅದು ಕೆಳಗೆ ಓಡುತ್ತಿರಬೇಕು.

“ಗುರು, ಮ್ಯೂಸಿಕ್ಕೇ ಇಲ್ಲದೆ ಜನ ಕೂರ್ತಾರಾ?” ಅಂತ ನಿರ್ದೇಶಕರಿಗೆ ಅಳುಕು. ನಾನು ‘ಟಚ್ ಆಫ್ ಈವಿಲ್’ ಅನ್ನುವ ಹಾಲಿವುಡ್ ಥ್ರಿಲ್ಲರಿನ ಆರಂಭ ತೋರಿಸಿದೆ. ಗಡಿಯ ಊರು, ಕಾರಿನ ಡಿಕ್ಕಿಯಲ್ಲಿ ಬಾಂಬು, ಮೂರು ನಿಮಿಷಕ್ಕೂ ಮೀರಿದ ಒಂದೇ ಶಾಟ್. 1958ರಲ್ಲಿ ಸ್ಟುಡಿಯೋ ಬಿಡುಗಡೆ ಮಾಡಿದಾಗ ಅದರ ಮೇಲೆ ಟೈಟಲ್ ಕಾರ್ಡ್‌ಗಳಿದ್ದವು, ಹೆನ್ರಿ ಮಾನ್ಸಿನಿ ಸಂಗೀತ ಇತ್ತು. ನಿರ್ದೇಶಕ ಆರ್ಸನ್ ವೆಲ್ಸ್ ಬರೆದಿಟ್ಟಿದ್ದ ಟಿಪ್ಪಣಿ ಹಿಡಿದು 1998ರಲ್ಲಿ ಎಡಿಟರ್ ವಾಲ್ಟರ್ ಮರ್ಚ್ ಅದನ್ನು ಮತ್ತೆ ಎಡಿಟ್ ಮಾಡಿದರು. ಟೈಟಲ್ ಸಂಗೀತ ತೆಗೆದು, ಬೀದಿಯ ಕ್ಲಬ್ಬುಗಳಿಂದ, ಕಾರಿನ ರೇಡಿಯೋದಿಂದ ಬರುವ ಹಾಡುಗಳನ್ನೇ ಕೇಳಿಸಿದರು. ರೇಡಿಯೋ ಹತ್ತಿರವಾದರೆ ಬಾಂಬೂ ಹತ್ತಿರ! ಎರಡನ್ನೂ ಒಂದರ ಹಿಂದೆ ಒಂದು ನೋಡಿ, ಮೈ ಜುಮ್ಮೆನ್ನುತ್ತದೆ. ನಿರ್ದೇಶಕರೂ ಒಪ್ಪಿದರು. ನಮ್ಮ ಸಂಗೀತ ಬಾಗಿಲು ತೆರೆದ ಮೇಲೇ ಬಂತು.

ಇನ್ನೊಂದು ಮಾತು ಫೋನಿನಲ್ಲಿ ನೋಡುವವರ ಬಗ್ಗೆ. ಫೋನಿನ ಸಣ್ಣ ಸ್ಪೀಕರಿಗೆ 100 ಹರ್ಟ್ಜ್ ಸರಿಯಾಗಿ ಎಟುಕುವುದಿಲ್ಲ. ಇಲ್ಲದ ಫ್ರಿಜ್ ನಿಂತರೆ ಯಾರಿಗೆ ಏನಾಗಬೇಕು? ಅದಕ್ಕೆ ಅದೇ ಸದ್ದಿಗೆ ಸ್ವಲ್ಪ ಸ್ಯಾಚುರೇಷನ್ (ಸದ್ದನ್ನು ತುಸು ಒರಟಾಗಿಸುವುದು) ಕೊಟ್ಟು 300, 400 ಹರ್ಟ್ಜ್ ಹತ್ತಿರದ ಹಾರ್ಮೋನಿಕ್ಸ್, ಅಂದರೆ ಅದರ ಮೇಲಿನ ಜೊತೆ ಸ್ವರಗಳನ್ನು, ಎಬ್ಬಿಸಿದೆ. ಜೀರುಂಡೆಗೆ ಆ ತೊಂದರೆ ಇಲ್ಲ, ಅದರದ್ದು ಮೇಲಿನ ಫ್ರೀಕ್ವೆನ್ಸಿ. ಆದರೆ ಸ್ಟೀರಿಯೋದಲ್ಲಿ ಹಿಂದಿನ ಸ್ಪೀಕರ್ ಇರುವುದಿಲ್ಲವಲ್ಲ. ಅಲ್ಲಿ ದೂರದ ಗುಂಪಿಗೆ ರಿವರ್ಬ್ (ಪ್ರತಿಧ್ವನಿಯ ಗುಂಗು) ಜಾಸ್ತಿ, ಹತ್ತಿರದ್ದಕ್ಕೆ ಕಡಿಮೆ ಇಟ್ಟು ದೂರ-ಹತ್ತಿರ ತೋರಿಸುತ್ತೇನೆ. ಕೊನೆಗೆ ಇಯರ್‌ಫೋನ್ ಹಾಕಿಕೊಂಡು ಒಮ್ಮೆ, ಬರೀ ಫೋನ್ ಸ್ಪೀಕರಿನಲ್ಲಿ ಒಮ್ಮೆ ಕೇಳಿ, ಫ್ರಿಜ್ ಆಫ್ ಆಗಿದ್ದು ಎರಡರಲ್ಲೂ ಗೊತ್ತಾದರೆ ಮಾತ್ರ ಫೈಲ್ ಕಳಿಸುತ್ತೇನೆ.