ಭಾನುವಾರ ಕೈಗೆ ಸಿಗಬೇಕಾದರೆ

ನಲವತ್ತೈದು ದಾಟಿದ ಗಂಡಸರ ಭಾನುವಾರ ಹೇಗೆ ಹಾಳಾಗುತ್ತದೆ ಅಂತ ನಮ್ಮ ಬೀದಿಯಲ್ಲೇ ನೋಡುತ್ತಿರುತ್ತೇನೆ. ತಡವಾಗಿ ಏಳುವುದು, ಪೇಪರ್ ಹಿಡಿದು ಎರಡನೇ ಕಾಫಿ. ಅಷ್ಟರಲ್ಲಿ ಒಳಗಿಂದ 'ಗೀಸರ್ ಯಾಕೋ ಬಿಸಿ ಆಗ್ತಿಲ್ಲ, ನೋಡ್ರೀ' ಅಂತ ಕೂಗು. ಎಲೆಕ್ಟ್ರಿಷಿಯನ್ ಭಾನುವಾರ ಫೋನ್ ಎತ್ತುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಮುಖವೂ ಗಂಟು. ಸಂಜೆ ಆಫೀಸಿನ ಮೆಸೇಜ್ ಶುರುವಾದರೆ ರಜೆ ಮುಗಿದ ಹಾಗೇ.

ರಿಪೇರಿ ಕೆಲಸಗಳನ್ನು ಭಾನುವಾರಕ್ಕೆ ಇಟ್ಟುಕೊಳ್ಳಬೇಡಿ. ಶನಿವಾರ ಎರಡು ಗಂಟೆ ಮನೆಗೆ ಕೊಡಿ. ಎರಡು ದಿನ ರಜೆ ಇರುವವರು ಬೆಳಿಗ್ಗೆಯೇ ಮಾಡಬಹುದು. ಬ್ಯಾಂಕಿನವರಿಗೆ ಎರಡನೇ, ನಾಲ್ಕನೇ ಶನಿವಾರ ಸಿಗುತ್ತದೆ. ಅಂಗಡಿ ಇಟ್ಟವರಿಗೆ ಅದೂ ಇಲ್ಲ, ಅವರು ಬಿಡುವಿರುವ ಹೊತ್ತು ನೋಡಿಕೊಳ್ಳಲಿ. ಇನ್ನೊಂದು ಮಾತು. 'ಏನಾದ್ರೂ ಮಾಡ್ಲಾ?' ಅಂತ ಅಡುಗೆಮನೆ ಬಾಗಿಲಲ್ಲಿ ನಿಲ್ಲುವ ಗಂಡಸಿಗೆ ಕೆಲಸ ಹೇಳುವುದೇ ಹೆಂಡತಿಗೆ ಒಂದು ಕೆಲಸ. ನಾಲ್ಕಾರು ವಿಷಯಗಳನ್ನು ಪೂರ್ತಿ ನಿಮ್ಮದು ಅಂತ ತಗೊಳ್ಳಿ. ಅದು ನಿಂತಿತೋ, ಮುಗಿಯಿತೋ, ಕೆಟ್ಟಿತೋ, ಮನೆಯಲ್ಲಿ ಬೇರೆ ಯಾರೂ ನೆನಪಿಸಬೇಕಾಗಿ ಬರಬಾರದು.

ಮೊದಲು ಗ್ಯಾಸ್. ಸಿಲಿಂಡರ್ ತಂದವರು ಹೊರಡುವ ಮೊದಲೇ ಸೀಲ್ ನೋಡಿ, ತೂಕ ಹಾಕಿಸಿ. ಮನೆ ಸಿಲಿಂಡರಿನಲ್ಲಿ ಗ್ಯಾಸ್ 14.2 ಕೆ.ಜಿ. ಇರಬೇಕು. ಖಾಲಿ ಸಿಲಿಂಡರಿನ ತೂಕ ಅದರ ಮೇಲೇ ಬರೆದಿರುತ್ತದೆ, ಎರಡನ್ನೂ ಕೂಡಿಸಿ ನೋಡಿ. ಹಿಡಿಯ ಹತ್ತಿರದ ಪಟ್ಟಿಯಲ್ಲಿ ಎ, ಬಿ, ಸಿ, ಡಿ ಈ ನಾಲ್ಕರಲ್ಲಿ ಒಂದು ಅಕ್ಷರ, ಪಕ್ಕದಲ್ಲಿ ಎರಡು ಅಂಕಿ ಇರುತ್ತದೆ. ಎ ಅಂದರೆ ಜನವರಿಯಿಂದ ಮಾರ್ಚ್, ಹೀಗೇ ಮೂರು ಮೂರು ತಿಂಗಳು. ಸಿ-27 ಅಂತಿದ್ದರೆ 2027ರ ಸೆಪ್ಟೆಂಬರ್ ಒಳಗೆ ಆ ಸಿಲಿಂಡರ್ ಮತ್ತೆ ಪರೀಕ್ಷೆಗೆ ಹೋಗಬೇಕು. ಅವಧಿ ಮೀರಿದ್ದನ್ನು ಕೊಟ್ಟರೆ ವಾಪಸ್ ಕಳಿಸಿ, ಸಂಕೋಚ ಬೇಡ. ಕಿತ್ತಳೆ ಬಣ್ಣದ ಟ್ಯೂಬಿಗೆ 5 ವರ್ಷ ಆಯಸ್ಸು. ಹೊರಗಿಂದ ಚೆನ್ನಾಗಿ ಕಂಡರೂ ಬದಲಾಯಿಸಿ. ಸೋರಿಕೆ ಅನುಮಾನ ಬಂದರೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದಾ ನೋಡಿ. ಬೆಂಕಿಕಡ್ಡಿ ಗೀರಿ ನೋಡುವ ಶೂರರು ಈಗಲೂ ಇದ್ದಾರೆ, ಅಂಥವರನ್ನು ಅಡುಗೆಮನೆಗೇ ಬಿಡಬೇಡಿ! ವಾಸನೆ ಜೋರಾಗಿದ್ದರೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆಗೆಯಿರಿ. ಲೈಟು, ಫ್ಯಾನಿನ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ಎಲ್ಲರೂ ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಆ ನಂಬರ್ ಮನೆಯವರೆಲ್ಲರ ಮೊಬೈಲಿನಲ್ಲೂ ಇರಲಿ.

ಅಲ್ಲೇ ಇರುವಾಗ ಕುಕ್ಕರ್ ಮುಚ್ಚಳವನ್ನೂ ಒಮ್ಮೆ ಎತ್ತಿ ನೋಡಿ. ವೆಯಿಟ್ ಕೂರುವ ಕೊಳವೆಯಲ್ಲಿ ಬೆಳಕು ಕಾಣಬೇಕು. ಕಾಣದಿದ್ದರೆ ಬೇಳೆಯೋ ಅನ್ನವೋ ಸಿಕ್ಕಿಕೊಂಡಿದೆ. ಪಕ್ಕದಿಂದ ಹಬೆ ಬಂದರೆ ಗ್ಯಾಸ್ಕೆಟ್ ಸಡಿಲವಾಗಿದೆ ಅಂತ, ಹೊಸದು ತನ್ನಿ. ತೊಳೆದ ಮೇಲೆ ಅದನ್ನು ಮುಚ್ಚಳಕ್ಕೆ ಹಾಕಿಡದೆ ಬೇರೆ ನೇತುಹಾಕಿದರೆ ಜಾಸ್ತಿ ದಿನ ಬರುತ್ತದೆ. ಮಿಕ್ಸಿ ರುಬ್ಬುತ್ತಾ ರುಬ್ಬುತ್ತಾ ನಿಂತುಹೋದರೆ ರಿಪೇರಿ ಅಂಗಡಿಗೆ ಓಡಬೇಡಿ. ಪ್ಲಗ್ ತೆಗೆದು ಸ್ವಲ್ಪ ಹೊತ್ತು ತಣ್ಣಗಾಗಲು ಬಿಡಿ, ಆಮೇಲೆ ಅಡಿಯಲ್ಲಿರುವ ಕೆಂಪು ಬಟನ್ ಒತ್ತಿ. ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಕರೆಂಟಿನ ವಿಷಯದಲ್ಲಿ ಒಂದು ಲೆಕ್ಕ ಗೊತ್ತಿದ್ದರೆ ಸಾಕು. 1000 ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ನಿಮ್ಮದು 2000 ವ್ಯಾಟಿನ ಗೀಸರ್ ಆದರೆ ಅರ್ಧ ಗಂಟೆಗೇ ಒಂದು ಯೂನಿಟ್. ಗೃಹಜ್ಯೋತಿ ಇದೆಯಲ್ಲ ಅಂತ ಸ್ವಿಚ್ ಹಾಕಿ ಮರೆಯುವವರು, 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು ಅನ್ನುವುದನ್ನೂ ಮರೆತಿರುತ್ತಾರೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಗೀಸರ್ ಕಾಯಿಲಿಗೆ ಉಪ್ಪು ಕಟ್ಟಿ ಬಿಸಿಯಾಗುವುದು ನಿಧಾನವಾಗುತ್ತದೆ, ಆಗಾಗ ಸರ್ವಿಸ್ ಮಾಡಿಸಿ. ಶವರ್ ತೂತು ಮುಚ್ಚಿದ್ದರೆ ರಾತ್ರಿಯಿಡೀ ವಿನೆಗರಿನಲ್ಲಿ ನೆನೆಹಾಕಿ ಬ್ರಷ್ಷಿನಲ್ಲಿ ಉಜ್ಜಿದರಾಯಿತು. ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ, ನಲ್ಲಿ ನೀರು ಬೇಡವೇ ಬೇಡ. ಸಂಪ್ ತೊಳೆಯುವ ದಿನ ಮುಚ್ಚಳ ತುಂಬ ಹೊತ್ತು ತೆಗೆದಿಡಿ. ಮೇಲೆ ಒಬ್ಬರು ನಿಂತಿರದೆ ಯಾರನ್ನೂ ಒಳಗೆ ಇಳಿಸಬೇಡಿ. ಒಳಗೆ ಗಾಳಿಯಾಡದೆ ಉಸಿರು ಕಟ್ಟಿದರೆ ಕೂಗಲೂ ಆಗುವುದಿಲ್ಲ.

ಈ ವಯಸ್ಸಿನಲ್ಲಿ ಮನೆಯಲ್ಲಿ ಅಪ್ಪ ಅಮ್ಮನೂ ಇರುತ್ತಾರೆ ಅಲ್ವಾ? ಅವರ ಮಾತ್ರೆ ಸೊಸೆಯ ತಲೆಮೇಲೆ ಬಿದ್ದಿರುತ್ತದೆ. ಅದನ್ನು ನೀವು ತಗೊಳ್ಳಿ. ವಾರದ ಏಳು ದಿನಕ್ಕೆ ಬೇರೆ ಬೇರೆ ಖಾನೆ ಇರುವ ಡಬ್ಬಿ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಶನಿವಾರ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ತುಂಬಿ. ಸುಮ್ನೆ ನೀವೊಬ್ಬರೇ ತುಂಬಿಟ್ಟರೆ 'ಈ ಬಿಳೀದು ನಂದಲ್ಲ' ಅಂತ ಬುಧವಾರ ಶುರುವಾಗುತ್ತದೆ. ಪಟ್ಟಿಯಿಂದ ಮಾತ್ರೆ ತೆಗೆಯುವಾಗ ಎಕ್ಸ್‌ಪೈರಿ ತಾರೀಖು ಇರುವ ತುದಿಯನ್ನು ಕೊನೆಗೆ ಉಳಿಸಿ. ಬಿಪಿ ನೋಡುವ ಮೊದಲು ಅವರು ಐದು ನಿಮಿಷ ಸುಮ್ಮನೆ ಬೆನ್ನು ಆನಿಸಿ, ಕಾಲು ನೆಲಕ್ಕೆ ಊರಿ ಕೂತಿರಲಿ. ಅರ್ಧ ಗಂಟೆ ಮುಂಚೆಯಿಂದ ಕಾಫಿ ಬೇಡ. ಅಳೆಯುವಾಗ ಮಾತು ಬೇಡ. ನಮ್ಮ ಹೆಂಗಸರಿಗೆ ಈ ಕೊನೆಯದೇ ಕಷ್ಟ. ಬಂದ ಅಂಕಿಯನ್ನು ತಾರೀಖಿನ ಜೊತೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಡಾಕ್ಟರ ಮುಂದೆ ಅದನ್ನಿಟ್ಟರೆ ನೀವು ಬಾಯಲ್ಲಿ ಹೇಳುವುದಕ್ಕಿಂತ ಹೆಚ್ಚು ಉಪಯೋಗ.

ಕಾಗದಪತ್ರ ಬೇಜಾರಿನ ಕೆಲಸ, ಬೇಗ ಮುಗಿಸೋಣ. ಬ್ಯಾಂಕ್, ಪಿಎಫ್, ಇನ್ಶೂರೆನ್ಸ್ ಎಲ್ಲದರಲ್ಲೂ ನಾಮಿನಿ ಯಾರಿದ್ದಾರೆ ನೋಡಿ. ಮದುವೆಗೆ ಮುಂಚೆ ಬರೆದ ಹೆಸರೇ ಇನ್ನೂ ಇರುವ ಮನೆಗಳು ಬಹಳ. ಬ್ಯಾಂಕ್ ಖಾತೆಗೆ 2025ರ ನವೆಂಬರ್‌ನಿಂದ ನಾಲ್ಕು ಜನರವರೆಗೆ ಹಾಕಬಹುದು. ಯಾವ ಫೈಲಿನಲ್ಲಿ ಏನಿದೆ ಅಂತ ಹೆಂಡತಿಗೂ ತೋರಿಸಿಡಿ.

ಇಷ್ಟು ಮಾಡಿದರೆ ಭಾನುವಾರಕ್ಕೆ ಉಳಿಯುವುದು ತಿಂಡಿ ಮಾತ್ರ. ಅದನ್ನೂ ನೀವೇ ಮಾಡಿ, ಕಷ್ಟವೇನಿಲ್ಲ. ಒಂದು ಲೋಟ ಉದ್ದಿನಬೇಳೆಗೆ ಎರಡು ಲೋಟ ಇಡ್ಲಿ ರವೆ. ಬೇಳೆ ಶನಿವಾರ ಮಧ್ಯಾಹ್ನ ನಾಲ್ಕು ಗಂಟೆ ನೆನೆಯಲಿ. ತಣ್ಣೀರು ಸ್ವಲ್ಪ ಸ್ವಲ್ಪವೇ ಹಾಕಿ ಹೂವಿನ ಹಾಗೆ ಉಬ್ಬುವವರೆಗೆ ರುಬ್ಬಿ. ರವೆಯನ್ನು ತೊಳೆದು ನೆನೆಹಾಕಿ, ಹಿಂಡಿ ಸೇರಿಸಿ, ಉಪ್ಪು ಹಾಕಿ ಕೈಯಲ್ಲೇ ಕಲಸಿ. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಹುದುಗು ಬರುವುದು ತಡ. ಪಾತ್ರೆಗೆ ದಪ್ಪ ಟವೆಲ್ ಸುತ್ತಿ ಬೆಚ್ಚಗಿನ ಮೂಲೆಯಲ್ಲಿಡಿ. ಬೆಳಿಗ್ಗೆ ಉಬ್ಬಿದ ಹಿಟ್ಟನ್ನು ಜೋರಾಗಿ ತಿರುವಬೇಡಿ, ಇಡ್ಲಿ ಗಟ್ಟಿಯಾಗುತ್ತದೆ. ಗ್ರೈಂಡರ್ ಕಲ್ಲು ತೊಳೆಯುವುದೂ ರುಬ್ಬಿದವರದೇ ಕೆಲಸ, ಆ ರಾತ್ರಿಯೇ ತೊಳೆದಿಡಿ. ಉಳಿದ ಹಿಟ್ಟು ಫ್ರಿಜ್ಜಿಗೆ. ಸೋಮವಾರ ಆಫೀಸಿನ ಗಡಿಬಿಡಿಯಲ್ಲಿ ಈರುಳ್ಳಿ ಹೆಚ್ಚಿ ಹಾಕಿ ಉತ್ತಪ್ಪ, ಇನ್ನೂ ಮಿಕ್ಕಿದ್ದರೆ ಮಂಗಳವಾರ ಸಂಜೆ ಮಕ್ಕಳಿಗೆ ಪಡ್ಡು.