ಕೀತ್ ಗ್ರೀನ್ ಎಲ್‌ಪಿ: ಪಿಯಾನೊ ಅಲುಗದಂತೆ, ಒಡೆಯದಂತೆ ಕೇಳಲು

'ಫಾರ್ ಹಿಮ್ ಹೂ ಹ್ಯಾಸ್ ಇಯರ್ಸ್ ಟು ಹಿಯರ್' ಅಮೆರಿಕದ ಕ್ರೈಸ್ತ ಭಕ್ತಿಗೀತೆಗಳ ಗಾಯಕ ಕೀತ್ ಗ್ರೀನ್ ಅವರ ಮೊದಲ ಆಲ್ಬಂ. 1977ರಲ್ಲಿ ಸ್ಪ್ಯಾರೋ ಕಂಪನಿ ಎಲ್‌ಪಿಯಾಗಿ, ಅಂದರೆ ದೊಡ್ಡ ಗ್ರಾಮಫೋನ್ ತಟ್ಟೆಯಾಗಿ, ಹೊರತಂದಿತು. ಹಾಡುಗಳ ಜೀವವೆಲ್ಲ ಅವರು ಬಲವಾಗಿ ಬಡಿದು ನುಡಿಸುವ ಪಿಯಾನೊದಲ್ಲಿದೆ. ಕೊರಳೋ ಪಿಟೀಲೋ ಕೊಂಚ ಅಲುಗಿದರೆ ಗಮಕವೆಂದು ಕಿವಿ ಒಪ್ಪೀತು. ಪಿಯಾನೊದಲ್ಲಿ ಗಮಕಕ್ಕೆ ಜಾಗವೇ ಇಲ್ಲ, ಹಾಗಾಗಿ ರೆಕಾರ್ಡ್ ಪ್ಲೇಯರಿನ ಇಲ್ಲವೇ ತಟ್ಟೆಯ ದೋಷ ತಕ್ಷಣ ಬಯಲಾಗುತ್ತದೆ.

ಸೆಕೆಂಡ್‌ಹ್ಯಾಂಡ್ ಪ್ರತಿಯನ್ನು ತೊಳೆಯದೆ ಅದರ ಮೇಲೆ ಪ್ಲೇಯರಿನ ಮುಳ್ಳು ಇಡಬೇಡಿ. ಧೂಳು ತಟ್ಟೆಯಲ್ಲಿ ನಾದ ಕೊರೆದಿರುವ ಸಪೂರ ಗೆರೆಯನ್ನು ಉಜ್ಜಿ ಕೆಡಿಸುತ್ತದೆ. 400 ಮಿ.ಲೀ. ಡಿಸ್ಟಿಲ್ಡ್ ವಾಟರ್, 100 ಮಿ.ಲೀ. ಐಸೊಪ್ರೊಪೈಲ್ ಆಲ್ಕೋಹಾಲ್, ಎರಡೇ ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ. ಮೆತ್ತನೆಯ ಬಟ್ಟೆಯಿಂದ ಗೆರೆಯ ಗುಂಟ ಸುತ್ತುತ್ತಾ ಒರೆಸಿ, ಅಡ್ಡಡ್ಡ ಬೇಡ. ನಡುವಿನ ಲೇಬಲ್ ನೆನೆಯಬಾರದು. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ ಒರೆಸಲೇಬೇಕು, ಇಲ್ಲವಾದರೆ ಸೋಪು ಒಣಗಿ ಚಟಪಟ ಸದ್ದಾಗುತ್ತದೆ. ಅರ್ಧ ಗಂಟೆ ನಿಲ್ಲಿಸಿ ಒಣಗಿಸಿ. (ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಅರಗಿನ ತಟ್ಟೆಗಳಿಗೆ ಈ ದ್ರವ ತಾಗಿಸಬೇಡಿ, ಆಲ್ಕೋಹಾಲ್ ಅರಗನ್ನು ಕರಗಿಸುತ್ತದೆ.)

ಮುಳ್ಳು ತಟ್ಟೆಯನ್ನು ಒತ್ತುವ ಭಾರವನ್ನು ಕಾರ್ಟ್ರಿಡ್ಜ್ (ಮುಳ್ಳನ್ನು ಹಿಡಿದಿರುವ ಪುಟ್ಟ ಭಾಗ) ತಯಾರಕರು ಹೇಳಿದಷ್ಟೇ ಇಡಿ, ಸಾಮಾನ್ಯವಾಗಿ 1.5ರಿಂದ 2 ಗ್ರಾಂ. ತಟ್ಟೆಗೆ ನೋವಾಗದಿರಲೆಂದು ಭಾರ ಇಳಿಸುವವರಿದ್ದಾರೆ. ಆಗ ಮುಳ್ಳು ಗೆರೆಯೊಳಗೆ ಕುಣಿದು ಹೆಚ್ಚೇ ಹಾಳುಮಾಡುತ್ತದೆ.

ಈಗ ಪಿಯಾನೊ ಸ್ವರವೊಂದು ಉದ್ದಕ್ಕೆ ನಿಲ್ಲುವ ಕಡೆ ಕೇಳಿ. ಪ್ರತಿ 1.8 ಸೆಕೆಂಡಿಗೊಮ್ಮೆ ಸ್ವರ ಏರಿಳಿದರೆ ದೋಷ ತಟ್ಟೆಯದು: ನಿಮಿಷಕ್ಕೆ 33⅓ ಸುತ್ತಿನ ಎಲ್‌ಪಿ ವೇಗದಲ್ಲಿ ಒಂದು ಸುತ್ತಿಗೆ ಹಿಡಿಯುವ ಹೊತ್ತು ಅಷ್ಟೇ. ಟೋನ್‌ಆರ್ಮ್ (ಕಾರ್ಟ್ರಿಡ್ಜ್ ಹೊತ್ತ ಉದ್ದನೆಯ ತೋಳು) ಎಡಬಲಕ್ಕೆ ತೂಗುತ್ತಿದ್ದರೆ ತಟ್ಟೆಯ ರಂಧ್ರ ನಡುವಿನಲ್ಲಿಲ್ಲ, ಮೇಲೆ ಕೆಳಗೆ ಆಡುತ್ತಿದ್ದರೆ ತಟ್ಟೆ ಸೊಟ್ಟಗಾಗಿದೆ. ಏರಿಳಿತಕ್ಕೆ ಲೆಕ್ಕವೇ ಇಲ್ಲದಿದ್ದರೆ, ಪ್ಲೇಯರ್ ಬೆಲ್ಟಿನಿಂದ ತಿರುಗುವಂಥದ್ದಾದರೆ, ಮೊದಲು ಆ ಬೆಲ್ಟ್ ಬದಲಿಸಿ.

ನಿಜವಾದ ಪರೀಕ್ಷೆ ಕೊನೆಯ ಹಾಡು, ಗಾಯಕಿ ಆ್ಯನಿ ಹೆರಿಂಗ್ ಬರೆದ 'ಈಸ್ಟರ್ ಸಾಂಗ್'. ಅಬ್ಬರದ ಪಿಯಾನೊ, ಅದೂ ಲೇಬಲ್‌ಗೆ ಅಂಟಿಕೊಂಡ ಗೆರೆಗಳಲ್ಲಿ. ಅಂಚಿನಲ್ಲಿ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಸರಿಯುವ ಗೆರೆ ಒಳಗೆ 21ಕ್ಕೆ ಇಳಿಯುತ್ತದೆ. ಅಷ್ಟೇ ನಾದ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಹಿಡಿಯಬೇಕು. ಇಲ್ಲಿ ಮಾತ್ರ ಸದ್ದು ಒಡೆದರೆ ಪ್ರೊಟ್ರ್ಯಾಕ್ಟರ್ (ಕೋನ ಅಳೆಯುವ ಪಟ್ಟಿ) ಇಟ್ಟು ಕಾರ್ಟ್ರಿಡ್ಜ್ ಕೋನ ಸರಿಮಾಡಿ, ಮುಳ್ಳಿನ ತುದಿಯ ಕಸ ತೆಗೆಯಿರಿ. ಎಲ್ಲ ಹಾಡಲ್ಲೂ ಒಡೆದರೆ ಮುಳ್ಳು ಸವೆದಿರಬಹುದು. ಹೊಸ ಮುಳ್ಳು ಹಾಕಿ, ಕೋನ ಸರಿಮಾಡಿದ ಮೇಲೂ ಅದೇ ಜಾಗಗಳಲ್ಲಿ ಒಡೆಯುತ್ತಿದ್ದರೆ ಗೆರೆಯೇ ಸವೆದಿದೆ; ಎಷ್ಟು ತೊಳೆದರೂ ಅದು ಮರಳದು, ಬೇರೆ ಪ್ರತಿ ಹುಡುಕಿ.