ಮಡಕೆಗಿಂತ ಅದರ ಸುತ್ತಲಿನ ಮಣ್ಣು ಮುಖ್ಯ

ನಾನು ಸೈಟ್ ಎಂಜಿನಿಯರ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಫೌಂಡೇಶನ್ ಗುಂಡಿಯಲ್ಲಿ ಮೂರು ಹಳೆಯ ಮಡಕೆ ಸಿಕ್ಕವು. ಎಲ್ಲರಿಗೂ ಖುಷಿ. ಜೋಪಾನವಾಗಿ ಎತ್ತಿ, ಒಳಗಿನ ಮಣ್ಣು ಚೆಲ್ಲಿ, ತೊಳೆದು ಸೈಟ್ ಆಫೀಸಿನ ಮೇಜಿನ ಮೇಲಿಟ್ಟೆವು. ಎರಡು ದಿನದ ನಂತರ ಪುರಾತತ್ವದವರು ಬಂದರು. ಅವರು ಮಡಕೆ ನೋಡಿದ್ದಕ್ಕಿಂತ ನಮ್ಮನ್ನು ಕೇಳಿದ್ದೇ ಜಾಸ್ತಿ. ಎಷ್ಟು ಆಳದಲ್ಲಿತ್ತು? ನೆಟ್ಟಗಿತ್ತಾ, ಬೋರಲಾಗಿತ್ತಾ? ಪಕ್ಕದಲ್ಲಿ ಇದ್ದಿಲು, ಮೂಳೆ ಇತ್ತಾ? ಒಳಗಿದ್ದ ಮಣ್ಣು ಎಲ್ಲಿ? ಒಂದಕ್ಕೂ ನನ್ನಲ್ಲಿ ಉತ್ತರ ಇರಲಿಲ್ಲ. ಅಷ್ಟರಲ್ಲಿ ಗುಂಡಿಗೆ ಕಾಂಕ್ರೀಟ್ ಬಿದ್ದಾಗಿತ್ತು. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಅವರು ಬೈಯಲಿಲ್ಲ, ಕೂತು ತಿಳಿಸಿ ಹೇಳಿದರು. ಮಡಕೆಯೊಳಗಿನ ಮಣ್ಣಿನಲ್ಲಿ ಸುಟ್ಟ ಕಾಳು ಇರಬಹುದು. ಮಡಕೆಯ ಮೈಯೊಳಗೆ ಇಳಿದ ಜಿಡ್ಡಿನಿಂದ ಅದರಲ್ಲಿ ಏನು ಬೇಯಿಸಿದ್ದರು ಅಂತ ತಿಳಿಯಬಹುದು. ಒಂದು ಚೂರು ಇದ್ದಿಲು ಸಿಕ್ಕರೂ ಸಾಕು, ಕಾರ್ಬನ್ ಪರೀಕ್ಷೆಯಿಂದ ಸುಮಾರು 50,000 ವರ್ಷ ಹಿಂದಿನವರೆಗೂ ಕಾಲ ಲೆಕ್ಕ ಹಾಕಬಹುದು. ಆದರೆ ಆ ಇದ್ದಿಲು ಯಾವ ಪದರದ್ದು ಅಂತ ಗೊತ್ತಿಲ್ಲದಿದ್ದರೆ ಲೆಕ್ಕ ಯಾವುದಕ್ಕೆ ಹೊಂದಿಸುವುದು, ಅಲ್ವಾ?

ಆಮೇಲಿನ ಒಂದು ಕೆಲಸದಲ್ಲಿ ಜೆಸಿಬಿ ಆಪರೇಟರ್ ನನ್ನನ್ನು ಕೂಗಿದರು. “ಸಾರ್, ಇಲ್ಲಿ ಮಣ್ಣಿನ ಬಣ್ಣ ಬೇರೆ ಇದೆ, ನೋಡಿ.” ಇಳಿದು ನೋಡಿದೆ. ಕೆಂಪು ಮಣ್ಣಿನಲ್ಲಿ ಕಪ್ಪು ದುಂಡನೆಯ ಕಲೆಗಳು, ಸಾಲಾಗಿ. ಮರದ ಕಂಬ ನೆಟ್ಟ ಗುಳಿಗಳು! ಕಂಬ ಕೊಳೆತು ಹೋದರೂ ಅದರ ಗುರುತು ಮಣ್ಣಿನಲ್ಲಿ ಉಳಿಯುತ್ತದೆ. ವಸ್ತು ಅಂತ ಒಂದೂ ಕಾಣಿಸದ ಜಾಗದಲ್ಲಿ ಒಂದು ಮನೆಯೇ ಇರಬಹುದು.

ಮೆಷಿನ್ ಆಫ್ ಮಾಡಿಸಿದೆ. ಸುತ್ತ ಹಗ್ಗ ಕಟ್ಟಿಸಿದೆ. ಅಳತೆಪಟ್ಟಿ ಇಟ್ಟು, ಉತ್ತರ ದಿಕ್ಕು ಗುರುತು ಮಾಡಿ ಫೋಟೋ ತೆಗೆದೆ. ಟೋಟಲ್ ಸ್ಟೇಷನ್ ಅನ್ನುವ ಸರ್ವೆ ಉಪಕರಣದಲ್ಲಿ ಜಾಗ, ಮಟ್ಟ ಎರಡನ್ನೂ ದಾಖಲಿಸಿದೆ. ಆಗಲೇ ತೆಗೆದ ಮಣ್ಣನ್ನು ಲಾರಿಗೆ ತುಂಬಲು ಬಿಡಲಿಲ್ಲ, ಬೇರೆ ರಾಶಿ ಹಾಕಿಸಿ ಬೋರ್ಡ್ ನೆಡಿಸಿದೆ. ಸಂಬಂಧಪಟ್ಟ ಇಲಾಖೆಗೆ ಮೊದಲು ಫೋನ್, ಜೊತೆಗೇ ಬರಹದಲ್ಲೂ ತಿಳಿಸಿದೆ. ಒಂದು ಗುಳಿಯ ತಳದಲ್ಲಿ ಒದ್ದೆ ಮರದ ತುಂಡಿತ್ತು. ಅದನ್ನು ಒದ್ದೆ ಬಟ್ಟೆ, ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿದೆವು. ಒಣಗಿದರೆ ಅಂಥ ಮರ ಕುಗ್ಗಿ ಸೀಳುತ್ತದೆ. ಇಸ್ತಾಂಬುಲ್‌ನ ಯೆನಿಕಾಪಿಯಲ್ಲಿ ರೈಲು ನಿಲ್ದಾಣಕ್ಕೆ ಅಗೆದಾಗ 37 ಹಳೆಯ ಹಡಗು, ದೋಣಿಗಳು ಸಿಕ್ಕಿದ್ದು ಒದ್ದೆ ಹೂಳು ಅವನ್ನು ಕಾಪಾಡಿದ್ದರಿಂದಲೇ.

ಮನುಷ್ಯರ ಮೂಳೆ ಅಂತ ಅನುಮಾನ ಬಂದರೆ ಪೊಲೀಸರಿಗೂ ತಿಳಿಸುತ್ತೇನೆ. ಹಳೆಯದೋ ಹೊಸದೋ ಅಂತ ತೀರ್ಮಾನಿಸುವುದು ನನ್ನ ಕೆಲಸವಲ್ಲ. ಇದು ಜನರ ನೋವಿನ ವಿಷಯವೂ ಹೌದು. ನ್ಯೂಯಾರ್ಕ್‌ನಲ್ಲಿ 1991ರಲ್ಲಿ ಸರ್ಕಾರಿ ಕಟ್ಟಡದ ಜಾಗದಲ್ಲಿ ಆಫ್ರಿಕನ್ನರ ಸಮಾಧಿಗಳು ಸಿಕ್ಕವು. ಆದರೂ ಕೆಲಸ ಮುಂದುವರಿಯಿತು. ಜನ ಬೀದಿಗಿಳಿದ ಮೇಲೆ, 1992ರಲ್ಲಿ, ಅಗೆತ ನಿಂತಿತು. ಅಷ್ಟರಲ್ಲಿ 400ಕ್ಕೂ ಹೆಚ್ಚು ಜನರ ಅವಶೇಷ ಹೊರಬಂದಿತ್ತು.

ಕೆಲಸ ತಡವಾಗುವ ಭಯ ನನಗೂ ಇತ್ತು. ಅದೇ ಭಯದಿಂದಲೇ ಎಷ್ಟೋ ಸೈಟ್‌ಗಳಲ್ಲಿ ಸುಮ್ನೆ ಮುಚ್ಚಿಬಿಡುತ್ತಾರೆ. ನಾವು ಆ ಭಾಗ ಬಿಟ್ಟು ತಂಡವನ್ನು ಇನ್ನೊಂದು ಬ್ಲಾಕ್‌ಗೆ ಕಳಿಸಿದೆವು. ಕೊನೆಗೆ ಎರಡು ಪೈಲ್‌ಗಳ (ನೆಲದಾಳಕ್ಕೆ ಇಳಿಸುವ ಅಡಿಪಾಯದ ಕಂಬಗಳ) ಜಾಗ ಬದಲಿಸಿದ್ದರಿಂದ ಗುಳಿಗಳ ಸಾಲು ಹಾಗೇ ಉಳಿಯಿತು. ಈಗ ಟೆಂಡರ್ ಹಂತದಲ್ಲೇ ಇದಕ್ಕೆ ದಿನ, ಹಣ ಎರಡನ್ನೂ ಬರೆಸುತ್ತೇನೆ.

ಆಪರೇಟರಿಗೆ ಮೆಷಿನ್ ನಿಂತ ದಿನಗಳ ಕೂಲಿಯನ್ನೂ ಪೂರ್ತಿ ಕೊಡಿಸಿದೆ. ಕೂಲಿ ಕತ್ತರಿಸಿದರೆ ಮುಂದಿನ ಸಲ ಯಾರು ತಾನೇ ಕೂಗಿ ಕರೆಯುತ್ತಾರೆ? ಪುರಾತತ್ವದವರು ಕರಣಿ ಹಿಡಿದು ಕೆರೆಯುವಾಗ ಆ ಆಪರೇಟರೂ ಪಕ್ಕದಲ್ಲಿ ಕೂತು ನೋಡುತ್ತಿದ್ದರು. 13 ಗುಳಿ ಲೆಕ್ಕವಾಗಿತ್ತು. ಮಣ್ಣಿನ ಬಣ್ಣ ನೋಡಿ 14ನೆಯದನ್ನು ತೋರಿಸಿದ್ದು ಆ ಆಪರೇಟರೇ.